ಭಾವನ ನಡುಗೋಡೆ

ನನ್ನ ಭಾವ ಜಗಳವನ್ನು ಬಾಯಿಂದ ಶುರು ಮಾಡಿದ್ದನ್ನು ನಾನು ಕಂಡಿಲ್ಲ. ಮೊದಲು ಕೈ, ಆಮೇಲೆ ಸಟ್ಟುಗ, ಕಡೆಗೆ ಮಾತು. ವಿಶಾಖಪಟ್ಟಣದ ಹಳೆಯ ಕೇರಿಯೊಂದರಲ್ಲಿ, ದೊಡ್ಡ ಆಸ್ಪತ್ರೆಯ ಹಿಂಬದಿಯಲ್ಲಿ, ಅವರ ಅಪ್ಪ ಕುಂದಾಪುರದ ಕಡೆಯಿಂದ ಬಂದು ಇಟ್ಟ ಇಡ್ಲಿ ಹೋಟೆಲು ಅವರದು. ಕೆಳಗೆ ಹೋಟೆಲು, ಮೇಲೆ ಮನೆ. ಹಾಲು ನೀರಾಗಿ ಬಂದರೆ ಹಾಲಿನವನ ಕಾಲರಿಗೆ ಕೈ. ಕಾಫಿ ಕುಡಿದು ಲೋಟದಲ್ಲೇ ಬೀಡಿ ಆರಿಸಿದವನ ಬೆನ್ನಿಗೆ ಸಟ್ಟುಗ. ಅಕ್ಕನನ್ನು ಮದುವೆ ಮಾಡಿ ಕಳಿಸುವಾಗ ನಮ್ಮ ಅಮ್ಮ ಅತ್ತದ್ದು ಊರು ದೂರವೆಂದಲ್ಲ, ಅಳಿಯನ ಕೈ ಹತ್ತಿರವೆಂದು. ಆ ವಿಷಯದಲ್ಲಿ ಅಕ್ಕ ಅವರಿಗೂ ಒಂದು ಕೈ ಮೇಲೆಂಬುದು ಅಮ್ಮನಿಗೆ ತಡವಾಗಿ ತಿಳಿಯಿತು.

ನಾನು ಇದಕ್ಕೆ ಪೂರಾ ತಿರುಗುಮುರುಗು. ಬ್ಯಾಂಕಿನ ನೌಕರಿ, ವರ್ಗವಾಗಿ ವಿಜಯವಾಡದಲ್ಲಿ ಕೂತಿದ್ದೇನೆ. ಹೊಡೆದಾಟ ಹಾಗಿರಲಿ, ಪಕ್ಕದವರು ಜೋರಾಗಿ ಸೀನಿದರೂ ನನ್ನ ಬಿ.ಪಿ. ಏರುತ್ತದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯ ನನಗೆ ಬರುವುದು ರೈಲು ಏಲೂರು ದಾಟಿದ ಮೇಲೆಯೇ. ಭಾವ ನನ್ನನ್ನು "ಮ್ಯಾನೇಜ್ರೇ" ಎಂದು ಕರೆಯುತ್ತಾರೆ. ನಾನು ಮ್ಯಾನೇಜರಲ್ಲ, ಆಗುವ ಲಕ್ಷಣವೂ ಇಲ್ಲ. ಅದಕ್ಕೇ ಹಾಗೆ ಕರೆಯುತ್ತಾರೆ.

ಇಷ್ಟು ವರ್ಷ ಆ ಆಸ್ಪತ್ರೆ ಕೇರಿಗೆ ಬೆನ್ನು ಹಾಕಿ ನಿಂತಿತ್ತು. ರೋಗಿಗಳ ಕಡೆಯವರು ಹಿಂದಿನ ಸಣ್ಣ ಗೇಟಿನಿಂದ ನುಸುಳಿ ಬಂದು ಭಾವನ ಹೋಟೆಲಿನಲ್ಲಿ ಇಡ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಅದು ತಿರುಗಿ ನಿಂತಿತು. ಹೃದಯಕ್ಕೊಂದು ಕಟ್ಟಡ ಬಂತು, ಅದರ ಹಿಂದೆ ಕಾಲೇಜು, ಕಾಲೇಜಿಗೊಂದು ಹಾಸ್ಟೆಲು, ಹಾಸ್ಟೆಲಿನ ಮಗ್ಗುಲಿಗೆ ಕಾರು ನಿಲ್ಲಿಸಲೆಂದೇ ಮಹಡಿಗಳು. ಆಸ್ಪತ್ರೆ ಎನ್ನುತ್ತಿದ್ದ ಕೇರಿಯವರು "ಕ್ಯಾಂಪಸ್" ಎನ್ನಲು ಕಲಿತರು. ಕಲಿತ ಮೇಲೆ ಒಬ್ಬೊಬ್ಬರೇ ಮನೆ ಮಾರಿ ಹೊರಟರು.

ಮನೆ ಕೆಡವುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಕೆಲಸದ ಹಾಗೆ ಕಾಣುವುದಿಲ್ಲ, ಕೊಲೆಯ ಹಾಗೆ ಕಾಣುತ್ತದೆ. ಯಂತ್ರ ಮೊದಲು ಕಿಟಕಿಗೆ ಮುಷ್ಟಿ ಹಾಕುತ್ತದೆ. ಚೌಕಟ್ಟು ಎಳೆದು ಬಿಸಾಡುತ್ತದೆ. ಮತ್ತೆ ಆ ತೂತಿನಿಂದಲೇ ಒಳಗೆ ಕೈ ತೂರಿಸಿ ಮಹಡಿಯನ್ನು ಕೆಳಗಿನಿಂದ ಗುದ್ದುತ್ತದೆ. ಯಾರದೋ ಅಡುಗೆಮನೆಯ ಹಸಿರು ಬಣ್ಣ, ಯಾರದೋ ಬಚ್ಚಲಿನ ಹಲ್ಲುಜ್ಜುವ ಕನ್ನಡಿ ಬೀದಿಗೆ ತೆರೆದುಕೊಂಡು ಒಂದು ಗಳಿಗೆ ನಿಲ್ಲುತ್ತವೆ, ಆಮೇಲೆ ಇಲ್ಲ. ಸಮುದ್ರದ ಗಾಳಿ ಸುಣ್ಣದ ಧೂಳನ್ನು ಎತ್ತಿಕೊಂಡು ಬಂದು ಭಾವನ ಚಟ್ನಿಯ ಮೇಲೆ ಕೂರಿಸುತ್ತಿತ್ತು. ಒಮ್ಮೆ ಎದುರು ಮನೆ ಬೀಳುವಾಗ ಹಾರಿದ ಇಟ್ಟಿಗೆ ಹೋಟೆಲಿನ ಮುಂಭಾಗದ ಶೀಟು ಸೀಳಿ ನೇರ ದೋಸೆ ಕಾವಲಿಗೆ ಬಿತ್ತು. ಕಾಯ್ದ ಎಣ್ಣೆ ಸಿಡಿದು ಕೈತೊಳೆಯಲು ಬಂದಿದ್ದ ಗಿರಾಕಿಯ ಕುತ್ತಿಗೆ ಬೆಂದಿತು. ಅವನನ್ನು ಆಟೋದಲ್ಲಿ ಹಾಕಿಕೊಂಡು ಅದೇ ಆಸ್ಪತ್ರೆಗೆ ಓಡಿದರು. ಸುತ್ತಮುತ್ತ ಯಾರ ತಲೆ ಒಡೆದರೂ ಓಡುವುದು ಅಲ್ಲಿಗೇ. ಅದೊಂದು ಅನುಕೂಲವನ್ನು ಕ್ಯಾಂಪಸ್ಸು ಮಾಡಿಕೊಟ್ಟಿತ್ತು.

ಭಾವ ಮಾರಲಿಲ್ಲ. ಕೇಳಲು ಬಂದ ದಲ್ಲಾಳಿಯ ಮುಖಕ್ಕೆ ಬಿಸಿ ಸಾಂಬಾರು ಎರಚಿದರು. ಅದು ಮುಖಕ್ಕೆ ತಾಗದೆ ಅಂಗಿಗೆ ಬಿತ್ತು ಎಂಬುದು ನನ್ನ ಒಂದು ವಾರದ ನಿದ್ದೆಯನ್ನು ಉಳಿಸಿತು. ಮರುದಿನ ಯಾರೋ ಬೈಕಿನಲ್ಲಿ ಬಂದು ಹೋಟೆಲಿನ ಗಾಜಿನ ಕಪಾಟಿಗೆ ಕಲ್ಲು ಹಾಕಿ ಹೋದರು. ಭಾವ ಆ ಕಲ್ಲನ್ನೇ ಎತ್ತಿಕೊಂಡು ತಿರುವಿನವರೆಗೆ ಓಡಿ, ಎದುರಿಗೆ ಬಂದ ಬೇರೆಯೇ ಯಾವುದೋ ಬೈಕಿನವನಿಗೆ ಬೀಸಿದರು. ಅವನು ಪಾಪದವನು, ಔಷಧಿ ಅಂಗಡಿಯವನು.

"ಎಂತಕ್ ಅವ್ನಿಗ್ ಹೊಡ್ದ್ರಿ?" ಎಂದು ಅಕ್ಕ ಕೇಳಿದರೆ, "ಬೈಕ್ ಇತ್ತಲ್ಲ ಅವ್ನತ್ರ" ಎಂದರಂತೆ.

ಅವರ ಹಠಕ್ಕೆ ಒಂದು ತೊಡಕಿತ್ತು. ಭಾವನ ಮನೆ ಒಂಟಿ ಮನೆಯಲ್ಲ. ಹಿಂದೆಂದೋ ಅಣ್ಣತಮ್ಮಂದಿರಿಬ್ಬರು ಅಂಟಿಸಿ ಕಟ್ಟಿಸಿದ ಜೋಡಿ ಮನೆಯ ಒಂದು ಅರ್ಧ. ಎರಡಕ್ಕೂ ನಡುವೆ ಒಂದೇ ಗೋಡೆ. ಸಾಲದ್ದಕ್ಕೆ, ಮೇಲಿನ ಮಹಡಿಯ ಭಾರ ಹೊತ್ತ ತೇಗದ ತೊಲೆ ಆ ಮನೆಯಲ್ಲಿ ಹುಟ್ಟಿ, ನಡುಗೋಡೆಯನ್ನು ತೂರಿ, ಈ ಮನೆಯಲ್ಲಿ ಬಂದು ಕೊನೆಯಾಗುತ್ತಿತ್ತು. ಅಣ್ಣತಮ್ಮಂದಿರು ಎಂದಾದರೂ ಬೇರೆಯಾದಾರೆಂಬ ಯೋಚನೆ ಕಟ್ಟಿದ ಮೇಸ್ತ್ರಿಗೆ ಬಂದಿರಲಿಲ್ಲ. ಈಗ ಆಚೆ ಅರ್ಧದವರು ಮಾರಿದರು.

ಆಚೆಯ ಮನೆ ಬೀಳುವಾಗ ನಡುಗೋಡೆ ನಿಂತರೆ ಭಾವನ ಮನೆ ನಿಂತಿತು. ಗೋಡೆ ಹೋದರೆ ಮನೆಯೂ ಹೋಯಿತು. ಇಡೀ ವಿಷಯ ಇಷ್ಟೇ.

ಕೇರಿಯ ಹಿರಿಯರು ನಡುವೆ ಬಿದ್ದರು. ಕೆಡವುವ ಕಂಟ್ರಾಕ್ಟಿನ ಸೂಪರ್‌ವೈಸರು ಹೋಟೆಲಿಗೇ ಬಂದು ಎಲ್ಲರೆದುರಿಗೆ ಮಾತು ಕೊಟ್ಟ: ಯಂತ್ರ ಗೋಡೆಯ ಹತ್ತಿರ ಬರುವುದಿಲ್ಲ, ಕೊನೆಯ ಕೋಣೆಯನ್ನು ಸುತ್ತಿಗೆಯಲ್ಲಿ ಕೈಯಿಂದ ಬಿಡಿಸುತ್ತೇವೆ, ತೊಲೆಯನ್ನು ಗರಗಸದಲ್ಲಿ ಕೊಯ್ದು ಈಚೆಯ ತುಂಡನ್ನು ಹಾಗೇ ಬಿಡುತ್ತೇವೆ. ನಮ್ಮ ಡ್ರೈವರನ ತಪ್ಪಿನಿಂದ ಗೋಡೆಗೆ ಏನಾದರೂ ಆದರೆ ಹೊಸದಾಗಿ ಕಟ್ಟಿಸಿಕೊಡುವ ಭಾರ ನಮ್ಮದು. ಭಾವ ಒಪ್ಪಿದರು. ಒಪ್ಪುವಾಗ ಅವನ ಕೈಯನ್ನು ಎಷ್ಟು ಜೋರಾಗಿ ಹಿಸುಕಿದರೆಂದರೆ ಅವನು ಎಡಗೈಯಲ್ಲಿ ಕಾಫಿ ಕುಡಿದ.

ಅಕ್ಕ ಫೋನಿನಲ್ಲಿ ಇದನ್ನೆಲ್ಲ ಹೇಳಿ, "ನೀನ್ ಬಾ, ಇವ್ರ್ ಒಬ್ರೇ ಇದ್ರೆ ಯಾರ್ದಾರೂ ಹೆಣ ಬೀಳತ್ತ್" ಎಂದಳು. ನಾನು ಬಂದರೆ ಹೆಣ ಹೇಗೆ ತಪ್ಪುತ್ತದೆಂದು ಅವಳು ಹೇಳಲಿಲ್ಲ. ನಾನು ರಜೆ ಹಾಕಿದೆ. ಚೀಲಕ್ಕೆ ಧೂಳಿನ ಮಾಸ್ಕು, ಬ್ಯಾಂಡೇಜು, ಬರ್ನಾಲು, ನನ್ನ ಬಿ.ಪಿ. ಮಾತ್ರೆ, ಭಾವನಿಗೆಂದು ಇನ್ನೊಂದು ಪಟ್ಟಿ ಬಿ.ಪಿ. ಮಾತ್ರೆ ತುಂಬಿದೆ. ಅಕ್ಕನಿಗೆ ಎಂದಿನಂತೆ ಮಂಗಳಗಿರಿಯ ಒಂದು ನೂಲಿನ ಸೀರೆ. ಅವಳು ಅದನ್ನು ನೋಡಿ, "ಮನೆ ಬೀಳೂ ಹೊತ್ತಿಗ್ ಸೀರೆ ತಂದ್ಯಲ್ಲ, ಬೊಜ್ಜಕ್ ಹೋಳ್ಗೆ ತಂದಾಂಗ್ ಆಯ್ತ್" ಎಂದಳು. ಬೊಜ್ಜವೆಂದರೆ ನಮ್ಮ ಕಡೆ ಸತ್ತವರ ಉತ್ತರಕ್ರಿಯೆ.

ಭಾವನ ತೆಲುಗಿನ ಬಗ್ಗೆ ಇಲ್ಲಿ ಹೇಳಬೇಕು. ಅವರು ಹುಟ್ಟಿದ್ದೇ ಅಲ್ಲಿ. ಗಿರಾಕಿಯೊಂದಿಗೆ, ಪೊಲೀಸರೊಂದಿಗೆ, ದೇವರೊಂದಿಗೆ ತೆಲುಗು. ಬೈಗುಳವಂತೂ ತೆಲುಗಿನಲ್ಲಿ ಬಿಟ್ಟರೆ ಅವರಿಗೆ ರುಚಿಸದು. ಮನೆಯಲ್ಲಿ ಅಕ್ಕನೊಂದಿಗೆ ಮಾತ್ರ ಅಪ್ಪ ಬಿಟ್ಟುಹೋದ ಕುಂದಾಪುರದ ಕನ್ನಡ, ಅದೂ ಊಟ ನಿದ್ದೆಗೆ ಬೇಕಾದಷ್ಟು. ನನ್ನ ಬ್ಯಾಂಕಿನ ತೆಲುಗು ಕೇಳಿದರೆ ಅವರಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. "ಮ್ಯಾನೇಜ್ರೇ, ನಿಮ್ ತೆಲುಗ್ ಕೇಂಡ್ರೆ ಸಾಲ ತಕಂಡವ್ರ್ ಹೆದ್ರಿ ವಾಪಸ್ ಕೊಡ್ತ್ರ್ ಅಂಬ್ರ್. ಹೌದಾ?" ಎನ್ನುತ್ತಿದ್ದರು.

ಆ ಬೆಳಿಗ್ಗೆ ಹೋಟೆಲಿಗೆ ಬಾಗಿಲು ಹಾಕಿ ನಾವು ಮೂವರೂ ಬೀದಿಗೆ ಬಂದು ನಿಂತೆವು. ಯಂತ್ರದವನು ಶ್ರೀಕಾಕುಳಂ ಕಡೆಯ ತರುಣ, ಸಪೂರ, ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಗಾಜಿನ ಗೂಡಿನೊಳಗೆ ಕೂತರೆ ಅವನಿಗೆ ಹೊರಗಿನ ಮಾತು ಕೇಳುವುದು ಅಷ್ಟಕ್ಕಷ್ಟೇ. ಮುಂದಿನ ಕೋಣೆಗಳು ಬೇಗನೇ ಹೋದವು. ಜಂತಿಗಳು ಮೂಳೆ ಮುರಿದ ಹಾಗೆ ಲಟಲಟ ಎಂದವು. ಒಂದೊಂದು ಏಟಿಗೂ ನಮ್ಮ ಕಾಲಡಿಯ ನೆಲ ಹಾರುತ್ತಿತ್ತು, ಹೋಟೆಲಿನ ಒಳಗೆ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಗಲಗುಟ್ಟುತ್ತಿದ್ದವು. ಭಾವ ಪ್ರತಿ ಏಟಿಗೂ ತಮಗೇ ಬಿದ್ದಂತೆ ಹಲ್ಲು ಕಚ್ಚುತ್ತಿದ್ದರು. ನಾನು ಮಾತ್ರೆ ಕೊಟ್ಟೆ. ಅದನ್ನು ಬೀದಿಗೆ ಎಸೆದರು. ನನ್ನ ಪಾಲಿನದನ್ನು ನಾನು ನುಂಗಿದೆ.

ಸೂಪರ್‌ವೈಸರು ಯಾರದೋ ಫೋನು ಬಂತೆಂದು ಮೂಲೆಗೆ ಹೋದ. ಸುತ್ತಿಗೆಯವರು ಇನ್ನೂ ಬಂದಿರಲಿಲ್ಲ. ಯಂತ್ರ ಕೊನೆಯ ಕೋಣೆಯ ಮುಂದೆ ಬಂದು ನಿಂತಿತು. ಅದರ ಬಾಯಿ ಮುರಿದ ಮಾಡಿನ ಮರಗಳನ್ನು ಎತ್ತಿ ಬದಿಗೆ ಹಾಕುತ್ತಿತ್ತು. ಹಾಗೆ ಹಾಕುವಾಗಲೇ ಒಂದು ಹಲ್ಲು ಆ ತೇಗದ ತೊಲೆಯ ಕೆಳಗೆ ಸಿಕ್ಕಿತು. ತೊಲೆ ಅಲುಗಿತು. ಈಚೆ ಕಡೆ, ನಮ್ಮ ಗೋಡೆಯ ನೆತ್ತಿಯಿಂದ ಒಂದು ಹಿಡಿ ಸುಣ್ಣ ಉದುರಿತು. ಆಗ ನೋಡಿದರೆ ಅಕ್ಕ ನಮ್ಮ ಪಕ್ಕದಲ್ಲಿಲ್ಲ. ಒಲೆಯ ಮೇಲೆ ಹಾಲು ಬಿಟ್ಟು ಬಂದ ನೆನಪಾಗಿ ಹಿಂಬಾಗಿಲಿನಿಂದ ಒಳಗೆ ಹೋಗಿದ್ದಳು.

ಭಾವ ಯಂತ್ರದ ಮುಂದಕ್ಕೆ ಹಾರಿದರು. ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದರು, ತೆಲುಗಿನಲ್ಲಲ್ಲ, ಅಕ್ಕನೊಂದಿಗೆ ಆಡುವ ಮಾತಿನಲ್ಲಿ: "ಕಾಣಿ! ಕಾಣಿ! ತೊಲೆ ಕಾಣಿ!"

ಕುಂದಾಪುರದವನಿಗೆ ಇದರಲ್ಲಿ ಅನುಮಾನವೇ ಇಲ್ಲ. ಕಾಣಿ ಎಂದರೆ ನೋಡಿ. ತೊಲೆ ನೋಡಿ ಮಾರಾಯ್ರೆ, ನಿಲ್ಲಿಸಿ. ಆದರೆ ತೆಲುಗಿನಲ್ಲಿ 'ಕಾನೀ' ಎಂದರೆ ನಡೆಯಲಿ, ಮುಂದುವರಿಸು, ಹೊಡಿ. ಕಟ್ಟಡದ ಕೆಲಸದಲ್ಲಿ ದಿನವೆಲ್ಲ ಕೇಳುವ ಮಾತು ಅದು. ಯಂತ್ರದ ಅಬ್ಬರದಲ್ಲಿ, ಹತ್ತಿ ತುರುಕಿದ ಕಿವಿಗೆ, ನಮ್ಮ ಣಕಾರ ಅವರ ನಕಾರ ಎಂಬ ಭೇದ ಎಲ್ಲಿಯದು? ಮನೆಯ ಯಜಮಾನನೇ ಎದುರಿಗೆ ಬಂದು, ಕೈ ಮೇಲೆತ್ತಿ, ಹೊಡಿ ಹೊಡಿ ಎನ್ನುತ್ತಿದ್ದಾನೆ. ಆ ತರುಣ ತಲೆಯಾಡಿಸಿದ. ಯಂತ್ರದ ಹಿಡಿಕೆ ಎಳೆದ.

ಕೋಪದಲ್ಲೂ ಬಹುವಚನ ಬಿಡದ ನಮ್ಮ ಕಡೆಯವರ ಮರ್ಯಾದೆಯೇ ಕೆಲಸ ಕೆಡಿಸಿತು. ಒರಟಾಗಿ 'ಕಾಣ್' ಎಂದಿದ್ದರೆ ಗೋಡೆ ಇವತ್ತಿಗೂ ಇರುತ್ತಿತ್ತು.

ತೊಲೆ ಮೇಲಕ್ಕೆದ್ದಿತು. ಬೇರಿನ ಸಮೇತ ಹಲ್ಲು ಕೀಳುವಾಗ ಒಸಡು ಬರುವ ಹಾಗೆ ನಡುಗೋಡೆ ಅದರ ಜೊತೆಗೇ ಬಂತು. ಮೊದಲು ಹೊಟ್ಟೆ ಉಬ್ಬಿಸಿತು, ಆಮೇಲೆ ನಡು ಮುರಿದುಕೊಂಡಿತು. ಮೇಲಿನ ಮನೆಯ ಮಂಚ, ಕಪಾಟು, ನೀರಿನ ಡ್ರಮ್ಮು ಓರೆಯಾದ ನೆಲದ ಮೇಲೆ ಜಾರಿಕೊಂಡು ಬಂದು ಒಂದರ ಮೇಲೊಂದು ಧುಮುಕಿದವು. ಧೂಳು ಬಾಯಿಗೆ ಮೂಗಿಗೆ ಗುದ್ದಿತು. ಯಾರಿಗೂ ಯಾರೂ ಕಾಣಿಸಲಿಲ್ಲ. ಭಾವ ಅಕ್ಕನ ಹೆಸರು ಕೂಗುತ್ತಿದ್ದದ್ದು ಮಾತ್ರ ಕೇಳುತ್ತಿತ್ತು. ಮದುವೆಯಾದಂದಿನಿಂದ ಅವರು ಅವಳ ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಅಕ್ಕ ಹಿಂಬಾಗಿಲಿನಿಂದ ಹೊರಬಂದಳು. ತಲೆಯಿಂದ ಕಾಲಿನವರೆಗೆ ಬಿಳಿ. ಹಣೆಯಿಂದ ಒಂದೇ ಒಂದು ಕೆಂಪು ಗೆರೆ ಇಳಿದಿತ್ತು. ಕೈಯಲ್ಲಿ ಹಾಲಿನ ಪಾತ್ರೆ. ಹಾಲು ಸುಣ್ಣವಾಗಿತ್ತು.

ಅವಳು ಬದುಕಿದ್ದಾಳೆಂದು ಗೊತ್ತಾದ ಕೂಡಲೇ ಭಾವನಿಗೆ ಹೊಡೆಯಲು ಬಿಡುವಾಯಿತು. ಬಿದ್ದ ರಾಶಿಯಿಂದ ನೀರಿನ ಪೈಪಿನ ತುಂಡೊಂದನ್ನು ಎಳೆದುಕೊಂಡು ಯಂತ್ರಕ್ಕೆ ಹತ್ತಿದರು. ಗೂಡಿನ ಗಾಜು ಒಂದೇಟಿಗೆ ಹೋಯಿತು. ತರುಣನನ್ನು ಅಂಗಿ ಹಿಡಿದು ಕೆಳಕ್ಕೆ ಎಳೆದು ಹಾಕಿದರು. ಅಷ್ಟು ಹೊತ್ತಿಗೆ ಹೋಟೆಲಿನ ಕೆಲಸದವರು, ಆಟೋದವರು, ದಿನಾ ಇಡ್ಲಿ ತಿನ್ನುವವರು ಎಲ್ಲ ಸುತ್ತುಗಟ್ಟಿದ್ದರು. "ಕೊಟ್ಟಂಡಿ, ಕೊಟ್ಟಂಡಿ" ಎಂದು ಯಾರೋ ಕೂಗಿದರು. ಕನ್ನಡದ ಕಿವಿಗೆ ಏನೋ ದಾನಧರ್ಮ ನಡೆದ ಹಾಗೆ ಕೇಳುತ್ತದೆ, ಅದರರ್ಥ ಹೊಡೆಯಿರಿ. ಕೊಟ್ಟರು. ಚಪ್ಪಲಿಯಲ್ಲಿ, ಹೆಲ್ಮೆಟಿನಲ್ಲಿ, ಅದೇ ಗೋಡೆಯ ಇಟ್ಟಿಗೆಯಲ್ಲಿ. ತರುಣ ತಲೆಯನ್ನು ಮೊಣಕಾಲುಗಳ ನಡುವೆ ಹುದುಗಿಸಿಕೊಂಡು ಒಂದೇ ಮಾತು ಹೇಳುತ್ತಿದ್ದ: "ಆಯನೇ ಕಾನೀ ಅನ್ನಾರಂಡಿ." ಅವರೇ ಹೊಡಿ ಅಂದರು ಸಾರ್, ಅವರೇ ಅಂದರು.

"ಸುಳ್ಳು ನನ್ನ ಮಗನೇ" ಎಂದು ಭಾವ ತೆಲುಗಿನಲ್ಲಿ ಗುಡುಗಿ ಮತ್ತೊಂದು ಹಾಕಿದರು. "ಆಪು ಅಂದೆ ನಾನು. ಆಪು ಅಂತ ಇಡೀ ಕೇರಿಗೆ ಕೇಳಿದೆ." ಆಪು ಎಂದರೆ ನಿಲ್ಲಿಸು. ತಾನು ಅದನ್ನೇ ಅಂದೆನೆಂದು ಅವರು ಬೇಕಾದರೆ ದೀಪ ಆರಿಸಿ ಆಣೆ ಮಾಡುತ್ತಿದ್ದರು.

ಆ ಗುಂಪಿನಲ್ಲಿ ಎರಡೂ ಮಾತು ಗೊತ್ತಿದ್ದು, ಎರಡನ್ನೂ ಕೇಳಿದವನು ನಾನೊಬ್ಬನೇ. ಇಂಥ ಹೊತ್ತಿಗೆ ಸಿಗಬಾರದೆಂದೇ ನಾನು ಜೀವಮಾನವಿಡೀ ಹಿಂದಿನ ಸಾಲಿನಲ್ಲಿ ಕೂತವನು. ಕಾಲು ಹೋಗುವುದಿಲ್ಲ ಎಂದುಕೊಂಡೆ, ಹೋಯಿತು. ಶೌರ್ಯವಲ್ಲ, ಭಾವ ಕೊಲೆಗಾರರಾದರೆ ಅಕ್ಕನನ್ನು ನೋಡಿಕೊಳ್ಳುವುದು ನನ್ನ ತಲೆಗೆ ಬರುತ್ತದೆಂಬ ಹೆದರಿಕೆ. ಒಂದು ಹೆದರಿಕೆಯನ್ನು ಇನ್ನೊಂದು ಹೆದರಿಕೆ ತಳ್ಳಿಕೊಂಡು ಹೋಯಿತು.

ಭಾವನ ಕೈ ಹಿಡಿದು, "ಭಾವ, ನೀವ್ ಆಪು ಅನ್ಲಿಲ್ಲೆ. ಕಾಣಿ ಅಂದ್ರಿ" ಎಂದೆ.

ಪೈಪು ನನ್ನ ಹೆಗಲಿಗೆ ಬಿತ್ತು. ಎರಡನೆಯದು ದವಡೆಗೆ. ಬಾಯಲ್ಲಿ ಏನೋ ಕಲ್ಲು ಸಿಕ್ಕಿತೆಂದು ಉಗುಳಿದೆ. ಅದು ನನ್ನ ಹಲ್ಲು. ಭಾವ ಮೂರನೆಯ ಏಟಿಗೆ ಎತ್ತಿದ ಕೈಯನ್ನು ಇಳಿಸಲಿಲ್ಲ, ಹೊಡೆಯಲೂ ಇಲ್ಲ.

"ಎಂತ ಅಂದೆ ನಾನ್?"

"ಕಾಣಿ. ತೊಲೆ ಕಾಣಿ."

ಅವರು ತುಟಿಯಲ್ಲೇ ಒಮ್ಮೆ ಅದನ್ನು ಆಡಿ ನೋಡಿಕೊಂಡರು. ಪೈಪು ಕೈಯಿಂದ ಜಾರಿತು. ಭಾವ ನಿಂತರೂ ಗುಂಪು ನಿಲ್ಲಲಿಲ್ಲ. ಅದಕ್ಕೆ ಈಗ ಕಾರಣ ಬೇಕಿರಲಿಲ್ಲ. ಕಡೆಗೆ ಭಾವನೇ ತರುಣನ ಮೇಲೆ ಅಡ್ಡಬಿದ್ದರು. ಬಿದ್ದವರ ಬೆನ್ನಿಗೂ ನಾಲ್ಕು ಬಿದ್ದವು. ತಡೆಯಲು ಚಾಚಿದ ಅವರ ಬಲಗೈ ಯಾರದೋ ಇಟ್ಟಿಗೆಗೆ ಸಿಕ್ಕಿ ಮಣಿಕಟ್ಟಿನಲ್ಲಿ ಮುರಿಯಿತು.

ಹಾಗೆ ನಾವೆಲ್ಲ ಕ್ಯಾಂಪಸ್ಸಿನ ತುರ್ತು ವಾರ್ಡಿಗೆ ಹೋದೆವು. ನಡೆದೇ ಹೋದೆವು, ಅಷ್ಟು ಹತ್ತಿರ. ತಣ್ಣಗಿನ ಗಾಳಿ, ಹೊಳೆಯುವ ನೆಲ. ನಮ್ಮ ಹೆಜ್ಜೆಗಳು ಅದರ ಮೇಲೆ ಸುಣ್ಣದ ರಂಗೋಲಿ ಹಾಕಿದವು. ಹಿಂದೆ ಇಲ್ಲಿ ಯಾರ ಮನೆ ಇತ್ತೆಂದು ಭಾವ ಸುತ್ತ ನೋಡಿ ಅಂದಾಜು ಮಾಡುತ್ತಿದ್ದರು. "ಇಲ್ಲ್ ಮೇಷ್ಟ್ರ ಮನೆ ಬಾವಿ ಇತ್ತ್" ಎಂದರು, ನನ್ನ ಮಂಚವನ್ನು ತೋರಿಸಿ. ನಾನು ಮಂಚದ ಅಂಚಿಗೆ ಸರಿದು ಕೂತೆ.

ಪರದೆಯ ಆಚೆ ತರುಣನ ತಲೆಗೆ ಹೊಲಿಗೆ ಹಾಕುತ್ತಿದ್ದರು. ಮರಗಟ್ಟಿಸುವ ಮದ್ದು ಪೂರ್ತಿ ಹಿಡಿದಿರಲಿಲ್ಲವೋ ಏನೋ, ಸೂಜಿ ಹೋದಾಗಲೆಲ್ಲ ಅವನು ಅವ್ವನನ್ನು ಕರೆಯುತ್ತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಸೂಪರ್‌ವೈಸರು ಬಂದ. ಜೊತೆಗೆ ಆಸ್ಪತ್ರೆಯ ಚೌಕಿಯ ಪೊಲೀಸು. ಸೂಪರ್‌ವೈಸರನ ಕಥೆ ತಯಾರಿತ್ತು: ಡ್ರೈವರನ ನಿರ್ಲಕ್ಷ್ಯ, ಅವನನ್ನು ಆಗಲೇ ಕೆಲಸದಿಂದ ತೆಗೆದಾಗಿದೆ, ಕೇಸು ಅವನ ಮೇಲೆ ಹಾಕಿಕೊಳ್ಳಿ. ಗೋಡೆ ನಾವು ಕಟ್ಟಿಸಿಕೊಡುತ್ತೇವೆ, ಮಾತು ಮಾತೇ.

ಭಾವ ಮಾಡಬೇಕಿದ್ದದ್ದು ಒಂದೇ. ನಾನು ಆಪು ಅಂದೆ ಎನ್ನಬೇಕಿತ್ತು. ಅಂದರೆ ಗೋಡೆ ಬರುತ್ತದೆ, ಗೋಡೆಯ ಮೇಲೆ ಮನೆ ಬರುತ್ತದೆ, ಮನೆಯ ಕೆಳಗೆ ಹೋಟೆಲು. ಆ ತರುಣ ಜೈಲಿಗೆ.

ಪೊಲೀಸು ತೆಲುಗಿನಲ್ಲಿ ಕೇಳಿದ: "ಏಮಂಡಿ, ಈ ಹುಡುಗ ನೀವೇ ಕಾನೀ ಅಂದಿರಿ ಅನ್ನುತ್ತಾನೆ. ಅಂದಿರಾ?"

ನನಗೆ ತಡೆಯಲಾಗಲಿಲ್ಲ. ಊದಿದ ಬಾಯಲ್ಲೇ, ಅದು ತೆಲುಗಲ್ಲ ಸಾರ್, ನಮ್ಮ ಭಾಷೆ, ನೋಡಿ ಎಂದರ್ಥ, ಇಬ್ಬರದೂ ತಪ್ಪಿಲ್ಲ ಎಂದು ಹೇಳಲು ಹೋದೆ. ಹಲ್ಲಿಲ್ಲದ ಜಾಗದಿಂದ ನನ್ನ ತೆಲುಗು ಇನ್ನೂ ಕೆಟ್ಟದಾಗಿ ಬಂತು. ಪೊಲೀಸು ಸಹನೆಯಿಂದಲೇ ಕೇಳಿಸಿಕೊಂಡು ಹೇಳಿದ: "ಸಾರು, ಗೋಡೆ ಬಿದ್ದದ್ದು ಯಾವ ಭಾಷೆಯಲ್ಲಿ ಎಂದು ನನಗೆ ಬರೆಯಲಾಗುವುದಿಲ್ಲ. ಅಂದರೋ ಇಲ್ಲವೋ, ಅಷ್ಟು ಹೇಳಿ."

ಪರದೆಯ ಆಚೆ ತರುಣ ಮತ್ತೊಮ್ಮೆ ಅವ್ವಾ ಎಂದ. ಭಾವ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಆ ಪರದೆಯನ್ನೇ ನೋಡುತ್ತಿದ್ದರು.

"ಅನ್ನಾನು" ಎಂದರು. ಅಂದೆ.

ಸೂಪರ್‌ವೈಸರು ತಕ್ಷಣ ಮೊಬೈಲು ತೆಗೆದು ಹೊರಗೆ ನಡೆದ. ಅವನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು, ಗೋಡೆ ಕಟ್ಟುವ ಭಾರ ಹೆಗಲಿನಿಂದ ಇಳಿದಿದೆಯೆಂದು.

"ಭಾವ, ಎಂತಕ್ ಹಾಂಗ್ ಹೇಳ್ದ್ರಿ?"

"ಸುಳ್ಳ್ ಎಂತ ಹೇಳಿದೆ? ಅಂದದ್ ಹೌದಲ್ದಾ? ನೀವೇ ಹೇಳ್ದ್ರಲ್ಲ."

"ನಾ ಹೇಳ್ದದ್ದ್ ನಮ್ 'ಕಾಣಿ'."

"ಆ ಗಂಡಿನ ಕಣ್ಣ್ ಕಂಡ್ರ್ಯಾ ನೀವ್?" ಎಂದರು ಭಾವ. ಗಂಡು ಎಂದರೆ ನಮ್ಮ ಕಡೆ ಹುಡುಗ. ಆಮೇಲೆ ನನ್ನ ದವಡೆ ನೋಡಿ, "ನಿಮ್ಮ್ ಹಲ್ಲ್ ಎಲ್ಲ್ ಬಿತ್ತ್, ಹುಡ್ಕ್ದ್ರ್ಯಾ?" ಎಂದು ಕೇಳಿದರು. ಕ್ಷಮೆ ಕೇಳುವುದೆಂದರೆ ಅವರಲ್ಲಿ ಅದೇ.

ಹಣೆಗೆ ಪಟ್ಟಿ ಸುತ್ತಿಸಿಕೊಂಡು ಅಕ್ಕ ಬಂದಳು. ಬಾಗಿಲಲ್ಲೇ ಸೂಪರ್‌ವೈಸರು ಸಿಕ್ಕಿ ವಿಷಯ ಹೇಳಿದ್ದ. ಅವಳ ಕೈಯಲ್ಲಿ ಯಾರೋ ತಂದುಕೊಟ್ಟ, ಕಾಫಿ ತುಂಬಿದ ಸ್ಟೀಲಿನ ಫ್ಲಾಸ್ಕು. ನೇರ ನಡೆದು ಬಂದು ಅದರಲ್ಲಿ ಭಾವನ ಬೆನ್ನಿಗೆ ಹೊಡೆದಳು. ಮತ್ತೊಮ್ಮೆ ಹೊಡೆದಳು. ಭಾವ ತಡೆಯಲಿಲ್ಲ. ನರ್ಸು ಓಡಿ ಬಂದಳು.

"ಒಂದ್ ಮಾತ್ ನನ್ನತ್ರ ಕೇಣುಕ್ ಆತಿರ್ಲಿಲ್ಯಾ?" ಎಂದಳು ಅಕ್ಕ. "ಮನೆ ನಿಮ್ ಅಪ್ಪಯ್ಯಂದ್ ಮಾತ್ರ ಅಂದ್ಕಂಡ್ರ್ಯಾ? ನಾ ಅಲ್ಲ್ ಎಷ್ಟ್ ವರ್ಷ ಹಿಟ್ಟ್ ರುಬ್ಬಿದೆ? ದಾನ ಮಾಡುಕೆ ನೀವ್ ಯಾರ್?"

"ಹಾಂಗಾರೆ ನೀನ್ ಹೋಯಿ ಹೇಳ್" ಎಂದರು ಭಾವ. "ಪೊಲೀಸ್ನವ್ರ್ ಇಲ್ಲೇ ಇತ್ರ್. ಅವ ಒಳ್ಗ್ ಹೋಯ್ಲಿ ಅಂತ ಹೇಳ್."

ಅಕ್ಕ ಪರದೆ ಸರಿಸಿದಳು. ನೋಡಿದಳು. ಆಮೇಲೆ ಪೊಲೀಸಿನವನ ಕಡೆಗೆ ಹೋಗದೆ, ನೆಗ್ಗಿದ ಫ್ಲಾಸ್ಕಿನ ಮುಚ್ಚಳ ತೆಗೆಯಲು ಒದ್ದಾಡಿದಳು. ಅದು ಬರಲಿಲ್ಲ. ಹೊರಗೆ ಹೋಗಿ ಎಲ್ಲೋ ಅದನ್ನು ಗೋಡೆಗೆ ಕುಟ್ಟುತ್ತಿರುವುದು ಕೇಳಿಸಿತು.

ಉಳಿದ ಮನೆ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಬೀದಿಗೆ ವಾಲಿತ್ತು, ಗಾಳಿ ಬೀಸಿದರೆ ನರಳುತ್ತಿತ್ತು. ನೋಡಲು ಬಂದ ನಗರಪಾಲಿಕೆಯ ಎಂಜಿನಿಯರು ಒಳಗೆ ಕಾಲಿಡಲೇ ಇಲ್ಲ, ಹೊರಗಿನಿಂದಲೇ ಕೈ ಆಡಿಸಿದ. ಜಾಗ ಕ್ಯಾಂಪಸ್ಸಿಗೆ ಹೋಗುವುದು ಖಾತ್ರಿಯಾಯಿತು. ಅಲ್ಲಿಯವರೆಗೆ ಅಕ್ಕ ಭಾವ ವಿಜಯವಾಡದ ನನ್ನ ಮನೆಯಲ್ಲಿರುವುದೆಂದು ಆಯಿತು. ರೈಲಿನಲ್ಲಿ ಅವರಿಬ್ಬರ ನಡುವೆ ನಾನು ಕೂತೆ. ಅಕ್ಕ ಭಾವನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದಳು. ಭಾವ ನನಗೆ ಉತ್ತರ ಕೊಡುತ್ತಿದ್ದರು. ಮನೆಗೆ ಬಂದ ಮೇಲೂ ಅದೇ. ಎಡಗೈಯಲ್ಲಿ ಊಟ ಮಾಡಲು ಬಾರದೆ ಅವರು ಒಮ್ಮೆ ತಟ್ಟೆಯನ್ನೇ ಗೋಡೆಗೆ ಎಸೆದರು. ಅಕ್ಕ ಎದ್ದು ಇನ್ನೊಂದು ತಟ್ಟೆ ತಂದಿಟ್ಟು, ತಾನೇ ಅನ್ನ ಕಲಸಿ, ಮುಖ ತಿರುಗಿಸಿಕೊಂಡೇ ತುತ್ತು ಹಾಕಿದಳು. ಗೋಡೆಯ ಸಾರಿನ ಕಲೆಗೆ ಮನೆ ಮಾಲಿಕರು ಏನೆನ್ನುವರೋ ಎಂಬುದು ನನ್ನ ಚಿಂತೆ.

ಕೆಡವುವ ದಿನ ಬೇಡವೆಂದರೂ ಕೇಳದೆ ಇಬ್ಬರೂ ಹೊರಟರು. ರಜೆ ಮುಗಿದಿದ್ದ ನಾನೂ ಹೊರಟೆ. ಯಂತ್ರದ ಮೇಲೆ ಅದೇ ತರುಣ ಇದ್ದ. ತಲೆಗೆ ಪಟ್ಟಿ, ಕಣ್ಣಿನ ಸುತ್ತ ಇನ್ನೂ ನೀಲಿ. ಬೇರೆ ಡ್ರೈವರು ಸಿಗಲಿಲ್ಲವಂತೆ. ಭಾವನನ್ನು ಕಂಡು ಅವನು ಕೆಳಗಿಳಿದು ಯಂತ್ರದ ಆಚೆ ಬದಿಗೆ ಹೋಗಿ ನಿಂತ. ಸೂಪರ್‌ವೈಸರು ಹೊಸ ನಿಯಮ ಮಾಡಿದ್ದ: ಇನ್ನು ಮೇಲೆ ಸೈಟಿನಲ್ಲಿ ಬಾಯಿಮಾತಿಲ್ಲ. ಕೆಂಪು ಬಟ್ಟೆ ಎತ್ತಿದರೆ ನಿಲ್ಲಬೇಕು, ಹಸಿರು ಎತ್ತಿದರೆ ಹೊಡೆಯಬೇಕು. ಮನೆಯ ಕಡೆಯವರೇ ಒಬ್ಬರು ಎತ್ತಬೇಕು, ನಾಳೆ ಮತ್ತೆ ತಕರಾರು ಬೇಡ ಎಂದ.

ಭಾವ ಪ್ಲಾಸ್ಟರು ಹಾಕಿದ ಕೈ ತೋರಿಸಿದರು. ಬಟ್ಟೆ ಎತ್ತಲು ಅದೇನೂ ಅಡ್ಡಿಯಾಗಿರಲಿಲ್ಲ, ಇನ್ನೊಂದು ಕೈ ಚೆನ್ನಾಗಿಯೇ ಇತ್ತು. ಅಕ್ಕ ಸೆರಗಿನೊಳಗೆ ಕೈ ಕಟ್ಟಿಕೊಂಡು ಎತ್ತಲೋ ನೋಡಿದಳು. ಸೂಪರ್‌ವೈಸರು ಎರಡೂ ಬಟ್ಟೆಗಳನ್ನು ನನ್ನ ಕೈಗೆ ಕೊಟ್ಟ.

ಜನ ಹಿಂದೆ ಸರಿದರು. ಒಳಗೆ ಯಾರಾದರೂ ಉಳಿದಿರಬಹುದೇ ಎಂದು ನಾನು ಕೇಳಿದೆ. ಇಲ್ಲ ಎಂದರು. ಬೆಕ್ಕು? ಇಲ್ಲ. ಕರೆಂಟು ತೆಗೆದಿದ್ದಾರೆಯೇ? ತೆಗೆದಿದ್ದಾರೆ. ಗ್ಯಾಸು? ಸೂಪರ್‌ವೈಸರು ಉತ್ತರ ಕೊಡುವುದನ್ನು ನಿಲ್ಲಿಸಿದ. ಹಸಿರು ಯಾವ ಕೈಯಲ್ಲಿದೆ ಎಂದು ನೋಡಿಕೊಂಡೆ, ಮತ್ತೊಮ್ಮೆ ನೋಡಿಕೊಂಡೆ. ಮತ್ತೆ ಹತ್ತಿ ಕೂತಿದ್ದ ಆ ತರುಣ ಗೂಡಿನೊಳಗಿನಿಂದ ನನ್ನ ಕೈಯನ್ನೇ ನೋಡುತ್ತಿದ್ದ. ಭಾವ ಉಸಿರಾಡುವುದು ನನ್ನ ಹಿಂದೆ ಕೇಳಿಸುತ್ತಿತ್ತು. ನನ್ನ ತೋಳು ಮೇಲಕ್ಕೆ ಹೋಗಲೊಲ್ಲದು.

ಅಕ್ಕ ಪಕ್ಕಕ್ಕೆ ಬಂದು ನಿಂತಳು.

"ಎತ್ತ್ ಮಾರಾಯ" ಎಂದಳು. "ಬಿಸ್ಲ್ ಏರ್ತಿತ್ತ್, ಪಾಪ ಆ ಗಂಡ್ ಬೆಳಿಗ್ಗಿಂದ ಎಂತದೂ ತಿನ್ಲಿಲ್ಲೆ ಅಂಬ್ರ್."

ನಾನು ಹಸಿರು ಬಟ್ಟೆ ಎತ್ತಿದೆ.